ದನಿ ಬಿಡದೆ ಸಾಲು ಕೊಡುವ ಐರೀನ್

ಬೆಳಗಿನ ಆರು ಗಂಟೆ. ಹಾಲ್‌ಕ್ಲಫ್ ಊರಿನ ಕಾಲುವೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ದಂಡೆಯ ಕಾಲುದಾರಿಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ನೀಲಿ ಮಳೆಕೋಟು, ತಲೆಗೆ ಉಲ್ಲನ್ ಟೋಪಿ, ಕೈಯಲ್ಲಿ ಅಂಚು ಸವೆದ ನಾಟಕದ ಪುಸ್ತಕ. ಬಾಯಿ ಅಗಲವಾಗಿ ತೆರೆಯುತ್ತದೆ, ತುಟಿ ಮುಂದೆ ಚಾಚುತ್ತದೆ, ಹಲ್ಲು ಕಾಣುತ್ತದೆ. ಆದರೆ ಒಂದಕ್ಷರವೂ ಕೇಳಿಸುವುದಿಲ್ಲ. ಅವರೆದುರು ನಾಲ್ಕು ಹೆಜ್ಜೆ ದೂರದಲ್ಲಿ ಚಪ್ಪಟೆ ಟೋಪಿಯ ಮುದುಕರೊಬ್ಬರು, ಆಕೆಯ ಬಾಯಿಯ ಮೇಲೆಯೇ ಕಣ್ಣು ನೆಟ್ಟು, ಉಸಿರಾಡಲೂ ಪುರಸೊತ್ತಿಲ್ಲದವರಂತೆ ಏನನ್ನೋ ಪಟಪಟನೆ ಹೇಳುತ್ತ ಬರುತ್ತಿದ್ದಾರೆ. ನಾಯಿ ಅಡ್ಡಾಡಿಸಲು ಬಂದವರು ಇಬ್ಬರಿಗೂ ದಾರಿ ಬಿಟ್ಟು ಸುಮ್ಮನೆ ಮುಂದೆ ಹೋಗುತ್ತಾರೆ. ಊರಿಗೆ ಇದು ಅಭ್ಯಾಸವಾಗಿದೆ.

"ಆ ಕಡೆ ಸರಿ, ಹುಡುಗಿ. ಇನ್ನೊಂದು ಹೆಜ್ಜೆ ಇಟ್ರೆ ನೀರಲ್ಲಿರ್ತೀಯ," ಎನ್ನುತ್ತಾರೆ ಮುದುಕರು.

ಹುಡುಗಿ ಸರಿಯುತ್ತಾರೆ, ತುಟಿಯಲ್ಲೇ ಗದರುತ್ತಾರೆ: "ಹಾಡು ಬಿಟ್ಟು ಬೇರೆ ಮಾತಾಡ್ಬೇಡ. ಹಗ್ಗದ ವ್ಯಾಪಾರಿ ಕಾಗದ ಆದ್ಮೇಲೆ ಯಾರ ಕಾಗದ?"

"ವಿಧವೆದು."

"ಅದು ಎರಡನೇ ಪದ್ಯದಲ್ಲಿ. ಇಲ್ಲಿ ಪಾದ್ರಿದು."

"ಪಾದ್ರಿಗೇನು ಅವಸರ? ಪಾಪ, ವಿಧವೆ ಮೊದ್ಲು ಹೋಗ್ಲಿ ಬಿಡು."

ಆಕೆ ಐರೀನ್ ಎಂಟ್‌ವಿಸಲ್, ಹಾಲ್‌ಕ್ಲಫ್ ಮಿಲ್ ಸಂಗೀತನಾಟಕ ಸಂಘದ ಪ್ರಾಂಪ್ಟರ್, ಅಂದರೆ ಮಾತು ಮರೆತ ನಟರಿಗೆ ಮರೆಯಿಂದ ಸಾಲು ನೆನಪಿಸುವವರು. ಆತ ಕ್ಲಿಫರ್ಡ್ ಹಿಂಡಲ್, ಅದೇ ಸಂಘದ ಹಾಸ್ಯ ನಟ. ವಿಕ್ಟೋರಿಯಾ ರಾಣಿಯ ಕಾಲದ ನಗೆ ನಾಟಕಗಳನ್ನು, ಪೂರಾ ಹಾಡಿನಲ್ಲೇ, ವರ್ಷಕ್ಕೊಂದರಂತೆ ಆಡುವುದು ಈ ಸಂಘದ ಕೆಲಸ. ಹಗಲು ಔಷಧಿ ಅಂಗಡಿಯಲ್ಲಿ, ಬಸ್ ಡಿಪೋದಲ್ಲಿ, ಶಾಲೆಯಲ್ಲಿ ದುಡಿಯುವವರು ಸಂಜೆ ಬಂದು ರಾಜಕುಮಾರಿಯರೂ ಕಡಲ್ಗಳ್ಳರೂ ಆಗುತ್ತಾರೆ. ಈ ವಸಂತದ ನಾಟಕದಲ್ಲಿ ಕ್ಲಿಫರ್ಡ್ ಅಂಚೆ ಮಂತ್ರಿ. ಸಾಮ್ರಾಜ್ಯದ ಕಾಗದಗಳಿಗೆಲ್ಲ ತಾನೇ ಮುದ್ರೆ ಒತ್ತಬೇಕೆಂದು ಹಟ ಹಿಡಿದ ಹುಚ್ಚು ಮಂತ್ರಿ. ನಾಟಕದ ವಾರಕ್ಕೆ ಇನ್ನು ಹತ್ತು ದಿನವಿದೆ.

ಕ್ಲಿಫರ್ಡ್ ಅವರಿಗೆ ಕಿವಿ ಕೇಳಿಸುವುದು ಅಷ್ಟಕ್ಕಷ್ಟೇ. ಮಗ್ಗಗಳ ನಡುವೆ ಮೇಸ್ತ್ರಿಯಾಗಿ ಕಳೆದ ವರ್ಷಗಳು ಅದನ್ನು ತಿಂದುಹಾಕಿವೆ. ಈ ಚಳಿಗಾಲದಿಂದ ನೆನಪೂ ಕೈಕೊಡುತ್ತಿದೆ. ಬೆಳಿಗ್ಗೆ ತಲೆ ತಿಳಿಯಾಗಿರುತ್ತದೆಂದು ಅವರನ್ನು ಐರೀನ್ ಹಾಸಿಗೆಯಿಂದ ಎಬ್ಬಿಸಿ ಕಾಲುವೆಗೆ ಎಳೆದು ತರುತ್ತಾರೆ. ತುಟಿ ಕಾಣಬೇಕಲ್ಲ, ಅದಕ್ಕೇ ಈ ಹಿಮ್ಮುಖ ನಡಿಗೆ.

"ಒಂದೇ ಒಂದು ಸಲ ಬಿದ್ದಿದೀನಿ, ಅದೂ ಪೊದೆ ಮೇಲೆ. ನೀರಿಗಲ್ಲ," ಎಂದು ಐರೀನ್ ಸ್ಪಷ್ಟಪಡಿಸುತ್ತಾರೆ.

ದನಿಯಿಲ್ಲದ ಈ ಮಾತು ಹಾಲ್‌ಕ್ಲಫ್‌ಗೆ ಹೊಸದಲ್ಲ. ಹತ್ತಿ ಮಿಲ್ಲಿನ ನೇಯ್ಗೆಶಾಲೆಯಲ್ಲಿ ಲಾಳಿಗಳ ಅಬ್ಬರಕ್ಕೆ ಪಕ್ಕದಲ್ಲಿ ನಿಂತವರು ಕಿರುಚಿದರೂ ಕೇಳುತ್ತಿರಲಿಲ್ಲ. ಹೆಂಗಸರು ತುಟಿಯಲ್ಲೇ ಮಾತಾಡಿಕೊಂಡರು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಗಂಡ ಕುಡಿದು ಬಂದ, ಮಧ್ಯಾಹ್ನದ ಪೈಗೆ ಬೆಣ್ಣೆ ಸಾಕಾಯಿತೇ, ಎಲ್ಲವೂ ನೇಯ್ಗೆಶಾಲೆಯ ಈ ತುದಿಯಿಂದ ಆ ತುದಿಗೆ ದನಿಯಿಲ್ಲದೆ ಹೋಗುತ್ತಿತ್ತು. ಐರೀನ್ ಹದಿನೈದನೇ ವಯಸ್ಸಿಗೆ ಒಳಗೆ ಕಾಲಿಟ್ಟಾಗ ಅವರ ತಾಯಿ ಮಗ್ಗಕ್ಕಿಂತ ಮೊದಲು ಕಲಿಸಿದ್ದು ತುಟಿಮಾತನ್ನು. "ಬಾಯಿ ದೊಡ್ಡದಾಗಿ ತೆರಿ, ಮುಖ ಪೂರ್ತಿ ತೋರ್ಸು, ಮೇಸ್ತ್ರಿ ವಿಷ್ಯ ಮಾತ್ರ ಕೈ ಅಡ್ಡ ಇಟ್ಕೊಂಡು ಹೇಳು ಅಂದಿದ್ಲು ಅಮ್ಮ. ಮೇಸ್ತ್ರಿಗಳಿಗೂ ಓದೋಕೆ ಬರ್ತಿತ್ತಲ್ಲ," ಎಂದು ನಗುತ್ತಾರೆ.

ಮೇಸ್ತ್ರಿ ಎಂದರೆ ಕ್ಲಿಫರ್ಡ್ ಅಂಥವರು. ಮೇಸ್ತ್ರಿಗಳು ಮಂದಬುದ್ಧಿಯವರು ಎನ್ನುವುದು ಈ ಸೀಮೆಯ ಹಳೇ ತಮಾಷೆ. ಐರೀನ್ ಅದನ್ನು ಇಂದಿಗೂ ಬಿಟ್ಟಿಲ್ಲ. "ಮೇಸ್ತ್ರಿ ಏಣಿ ಹತ್ತಿದ್ದನಂತೆ, ಇಳಿಯೋದು ಹೇಗೆ ಅಂತ ಬರೆದ ಚೀಟಿ ಕೆಳಗೇ ಬಿಟ್ಟಿದ್ದನಂತೆ," ಎಂದು ಕ್ಲಿಫರ್ಡ್ ಎದುರಿಗೇ ಹೇಳುತ್ತಾರೆ. ಕ್ಲಿಫರ್ಡ್ ಅದಕ್ಕೆ, "ಆ ಚೀಟಿ ಬಚ್ಚಿಟ್ಟಿದ್ದು ನೇಯ್ಗೆಯವಳೇ," ಎನ್ನುತ್ತಾರೆ.

ಐರೀನ್ ಪ್ರಾಂಪ್ಟರ್ ಆದದ್ದೂ ಒಂದು ನಗೆ ನಾಟಕವೇ. ಮಿಲ್ಲಿನಲ್ಲಿದ್ದವರೆಲ್ಲ ಸಂಘದಲ್ಲಿ ಹಾಡುತ್ತಿದ್ದರು, ಅವರೂ ಕೋರಸ್‌ಗೆ ಸೇರಿದರು. ಆಗಿನ ಸಂಗೀತದ ಮೇಷ್ಟ್ರು ಎರಡು ಸಂಜೆ ಸಹಿಸಿಕೊಂಡರು. ಮೂರನೇ ಸಂಜೆ ಪಕ್ಕಕ್ಕೆ ಕರೆದು, "ನೋಡಮ್ಮ, ನೀನು ಬಾಯಿ ಆಡಿಸು, ದನಿ ಮಾತ್ರ ಬಿಡಬೇಡ," ಅಂದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ಅವರ ಮಟ್ಟಿಗೆ ಅಕ್ಷರಶಃ ನಿಜವಾಯಿತು. ಬೇರೆ ಯಾರಾದರೂ ಅತ್ತುಕೊಂಡು ಮನೆಗೆ ಹೋಗುತ್ತಿದ್ದರು. ಐರೀನ್ ಬಾಯಿ ಆಡಿಸಿದರು. ಒಂದು ವರ್ಷ ಕೋರಸ್‌ನಲ್ಲಿ ಹಾಗೆ ನಿಂತಿದ್ದಾಗ, ಪಾಠ ಮರೆತ ನಾಯಕಿಯೊಬ್ಬಳು ಇವರ ಮುಖ ನೋಡಿ ತನ್ನ ಸಾಲನ್ನು ಎತ್ತಿಕೊಂಡಳು. ಮುಂದಿನ ವರ್ಷದಿಂದ ರಂಗದ ಎಡಗಡೆಯ ಸೈಡ್‌ವಿಂಗ್‌ನಲ್ಲಿ ಒಂದು ಕುರ್ಚಿ ಇವರದಾಯಿತು.

ಮಿಲ್ಲು ಮುಚ್ಚಿತು. ಮಗ್ಗಗಳನ್ನು ಗುಜರಿಗೆ ಒಯ್ದರು. ಐರೀನ್ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತ ನಿವೃತ್ತಿಯವರೆಗೆ ದುಡಿದರು. ಗಂಡ ತೀರಿಹೋದರು. ಕುರ್ಚಿ ಮಾತ್ರ ಹಾಗೇ ಉಳಿಯಿತು. ಆ ಮೂಲೆಗೆ ಹಿಂಬಾಗಿಲಿನ ಗಾಳಿ ನೇರವಾಗಿ ಬಡಿಯುತ್ತದೆ. ಮೊಣಕಾಲ ಮೇಲೆ ಕಂಬಳಿ, ಅದರೊಳಗೆ ಬಿಸಿನೀರಿನ ರಬ್ಬರ್ ಚೀಲ, ಅದರ ಮೇಲೆ ಪುಸ್ತಕ, ಪುಸ್ತಕಕ್ಕೆ ಕ್ಲಿಪ್ ಹಾಕಿದ ಪುಟ್ಟ ದೀಪ. ಆ ದೀಪ ಓದಲಿಕ್ಕಷ್ಟೇ ಅಲ್ಲ. ಯಾರಾದರೂ ಎಡವಿದರೆ ಅದನ್ನು ತನ್ನ ಮುಖಕ್ಕೆ ತಿರುಗಿಸಿಕೊಳ್ಳುತ್ತಾರೆ. ಕತ್ತಲಲ್ಲಿ ಒಂದು ಬಾಯಿ ಮಾತ್ರ ಬೆಳಗುತ್ತದೆ. ಇಷ್ಟು ವರ್ಷಗಳಲ್ಲಿ ಪ್ರೇಕ್ಷಕರು ಯಾರೂ ಅವರ ದನಿ ಕೇಳಿಲ್ಲ. ನಾಟಕದ ಕರಪತ್ರದಲ್ಲಿ ಅವರ ಹೆಸರು ಲಾಟರಿಗೆ ಬಹುಮಾನವಾಗಿ ಬಿಸ್ಕತ್ತಿನ ಡಬ್ಬ ಕೊಟ್ಟವರ ಹೆಸರಿಗಿಂತ ಕೆಳಗಿರುತ್ತದೆ. ಒಂದು ವರ್ಷ ಅದೂ ಇರಲಿಲ್ಲ.

ಈ ಕೆಲಸದಲ್ಲಿ ಕಷ್ಟ ಯಾವುದು ಎಂದರೆ ಐರೀನ್ ಮಾತು ನೆನಪಿಟ್ಟುಕೊಳ್ಳುವುದರ ಬಗ್ಗೆ ಹೇಳುವುದಿಲ್ಲ. "ಮಾತು ಪುಸ್ತಕದಲ್ಲೇ ಇದೆ, ಅದೇನು ಮಹಾ. ಅವರು ಮರ್ತಿದಾರಾ, ಇಲ್ಲ ಬೇಕಂತ್ಲೇ ತಡೀತಿದಾರಾ, ಅದು ಗೊತ್ತಾಗ್ಬೇಕು. ನಗೆ ನಾಟಕದಲ್ಲಿ ನಗು ಇರೋದು ಮಾತಲ್ಲಲ್ಲ, ಮಾತಿಗೆ ಮುಂಚೆ. ಆಗ ಹೋಗಿ ನಾನು ಸಾಲು ಕೊಟ್ರೆ ನಟನ ಜೇಬಿಂದ ಕದ್ದ ಹಾಗೆ."

ಪ್ರತಿಯೊಬ್ಬರಿಗೂ ಒಂದೊಂದು ಗುರುತುಂಟು. ಔಷಧಿ ಅಂಗಡಿಯವರು ಮರೆತರೆ ಮುಗುಳ್ನಗುತ್ತಾರೆ. ಬಸ್ ಡಿಪೋದವರು ಕೊರಳಪಟ್ಟಿ ಮುಟ್ಟಿಕೊಳ್ಳುತ್ತಾರೆ. ಕ್ಲಿಫರ್ಡ್ ಮರೆತರೆ ಅವರ ಎಡಗೈ ಪ್ಯಾಂಟಿನ ಹೊಲಿಗೆ ಹುಡುಕುತ್ತದೆ, ನೂಲು ಕಡಿದಾಗ ಮೇಸ್ತ್ರಿಯ ಕೈ ಅದರ ತುದಿ ಹುಡುಕುವಂತೆ. ಅಂಚೆ ಮಂತ್ರಿಯ ಹಾಡಿನಲ್ಲಿ ಮಾತ್ರ ಈ ಗುರುತು ನಡೆಯುವುದಿಲ್ಲ. ಹಾಡಿನ ಉದ್ದಕ್ಕೂ ಆತ ತಾನು ಮುದ್ರೆ ಒತ್ತಿದ ಕಾಗದಗಳನ್ನೆಲ್ಲ ಒಂದೇ ಉಸಿರಿನಲ್ಲಿ ಎಣಿಸುತ್ತಾನೆ: ಬೈಗುಳದ್ದು, ಮದುವೆಯದು, ಸಾವಿನದು. ಕೊನೆಗೆ ನಿಲ್ಲುತ್ತಾನೆ. ಎರಡೂ ಕೈಯಿಂದ ಒಂದು ದೊಡ್ಡ ಕರವಸ್ತ್ರ ಬಿಚ್ಚುತ್ತಾನೆ. ಮೂಗು ಒರೆಸಿಕೊಳ್ಳುತ್ತಾನೆ. ಆಮೇಲೆ ಹೇಳುತ್ತಾನೆ: "ನನಗೊಂದೂ ಬರಲಿಲ್ಲ."

ಆ ತಡೆಯಲ್ಲಿ ಎರಡು ಕೈಯೂ ಕರವಸ್ತ್ರದಲ್ಲಿರುತ್ತವೆ. ಮರೆತಿದ್ದಾರೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ನಿರ್ದೇಶಕಿ ಆಲಿಸನ್ ಪಿಲ್ಕಿಂಗ್ಟನ್ ಕೆಟ್ಟವರಲ್ಲ. ಸಭಾಂಗಣದ ಟಿಕೆಟ್ ಕೊಂಡವರಿಗೆ ಅವರು ಉತ್ತರ ಕೊಡಬೇಕು. ತಾಲೀಮಿನಲ್ಲಿ ಕ್ಲಿಫರ್ಡ್ ಒಂದೇ ಪದ್ಯವನ್ನು ಮೂರು ಬಾರಿ ಹಾಡಿದ್ದನ್ನು ಅವರು ನೋಡಿದ್ದಾರೆ. ಕಿವಿಗೆ ಒಂದು ಸಣ್ಣ ಯಂತ್ರ ಇಡಿಸಿ ಅದರಲ್ಲಿ ಸಾಲು ಹೇಳಿಸಲು ನೋಡಿದರು. ಅದು ಕ್ಲಿಫರ್ಡ್ ಅವರ ಶ್ರವಣಯಂತ್ರದ ಜೊತೆ ಜಗಳವಾಡಿ ಕುಕ್ಕರಿನಂತೆ ಕೂಗಿತು.

"ಐರೀನ್, ನಂಗೂ ಬೇಜಾರಿದೆ," ಎಂದು ಆಲಿಸನ್ ಒಂದು ಸಂಜೆ ಅವರನ್ನು ಪಕ್ಕಕ್ಕೆ ಕರೆದರು. "ಆದ್ರೆ ನಾಟಕದ ವಾರ ಜನರೆದುರು ಅವರು ನಿಂತುಬಿಟ್ರೆ, ಮುಂದಿನ ವರ್ಷದ ಪಾತ್ರ ಬೇರೆಯವರಿಗೆ. ಇನ್ನು ಪ್ರಾಂಪ್ಟರ್ ಅನ್ನೋದನ್ನ ಈಗ ಬೇರೆ ಸಂಘದವರು ಯಾರೂ ಇಟ್ಕೊಂಡಿಲ್ಲ."

"ಅವರ ನಟರಿಗೆಲ್ಲ ಜ್ಞಾಪಕ ಚೆನ್ನಾಗಿರ್ಬೇಕು," ಎಂದರು ಐರೀನ್.

ಕ್ಲಿಫರ್ಡ್ ಅವರಿಗೆ ಹೆಂಡತಿ ತೀರಿಹೋದ ಮೇಲೆ ಉಳಿದಿರುವುದು ಈ ಸಂಘವೊಂದೇ. ಮುಂದಿನ ವರ್ಷ ಯಾವ ಪಾತ್ರ ಎಂಬ ಪ್ರಶ್ನೆ ಇಟ್ಟುಕೊಂಡೇ ಅವರು ಪ್ರತಿ ಚಳಿಗಾಲ ದಾಟುತ್ತಾರೆ. ಪಾತ್ರ ಹೋದರೆ ಮನುಷ್ಯ ಹೋಗುತ್ತಾನೆ ಎಂದು ಐರೀನ್ ಹೆದರಿದ್ದರು. ಆ ಹೆದರಿಕೆಯೇ ತಪ್ಪು ಮಾಡಿಸಿತು.

ನಾಟಕದ ವಾರ ಬಂತು. ಮೊದಲೆರಡು ದಿನ ಚೆನ್ನಾಗಿಯೇ ನಡೆಯಿತು. ಗುರುವಾರ ಅಂಚೆ ಮಂತ್ರಿ ಕಾಗದಗಳನ್ನೆಲ್ಲ ಎಣಿಸಿ ಮುಗಿಸಿದರು, ಕರವಸ್ತ್ರ ಬಿಚ್ಚಿದರು, ನಿಂತರು. ಎಂದಿಗಿಂತ ಒಂದು ಗಳಿಗೆ ಹೆಚ್ಚು ನಿಂತರು. ಮರೆತೇಬಿಟ್ಟರು ಎಂದುಕೊಂಡರು ಐರೀನ್. ಕೈ ತಾನಾಗಿಯೇ ದೀಪ ತಿರುಗಿಸಿತು, ಬಾಯಿ ತಾನಾಗಿಯೇ ತೆರೆಯಿತು: ನನಗೊಂದೂ ಬರಲಿಲ್ಲ. ಕಣ್ಣ ತುದಿಯಲ್ಲಿ ಬಾಯಿ ಕಂಡರೆ ಓದುವುದು ಮಿಲ್ಲಿನವರಿಗೆ ರಕ್ತದಲ್ಲೇ ಬಂದದ್ದು. ಓದಿದ ತಕ್ಷಣ ಕ್ಲಿಫರ್ಡ್ ಹೇಳಿಬಿಟ್ಟರು. ಸಾಲು ಬಿತ್ತು, ನಗು ಬರಲಿಲ್ಲ. ಎಲ್ಲೋ ಹಿಂದೆ ಒಬ್ಬರು ಕೆಮ್ಮಿದರು.

ಕ್ಲಿಫರ್ಡ್ ಮರೆತಿರಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಮಗು ಆಗಲೇ ಕಿಸಕ್ಕೆಂದಿತ್ತು. ಆ ನಗು ಇಡೀ ಸಭಾಂಗಣಕ್ಕೆ ಹರಡಲಿ ಎಂದು ಕಾಯುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದನಿಯಿಲ್ಲದೆ ಆಡಿದರೂ ಹೋಗುತ್ತದೆ ಎಂದು ಐರೀನ್ ಅವರಿಗೆ ಅಂದು ಗೊತ್ತಾಯಿತು.

ಪರದೆ ಬಿದ್ದ ಮೇಲೆ ಕ್ಲಿಫರ್ಡ್ ಕೂಗಾಡಲಿಲ್ಲ. ಗಡ್ಡ ಬಿಚ್ಚಿ ಡಬ್ಬಕ್ಕೆ ಹಾಕುತ್ತ ಹೇಳಿದರು: "ಊರೆಲ್ಲ ಅಂದ್ಕೊಂಡಿದೆ ನಂಗೆ ತಲೆ ಹೋಗಿದೆ ಅಂತ. ನೀನೂ ಅಂದ್ಕೊಂಡ್ಯಲ್ಲ, ಹುಡುಗಿ."

ಶುಕ್ರವಾರ ಬೆಳಿಗ್ಗೆ ಅವರು ಕಾಲುವೆಗೆ ಬರಲಿಲ್ಲ. ಐರೀನ್ ಸೇತುವೆಯ ಕೆಳಗೆ ಬಹಳ ಹೊತ್ತು ಕಾದು, ಆಮೇಲೆ ಒಬ್ಬರೇ ಮನೆಗೆ ನಡೆದರು. "ನೆಟ್ಟಗೆ ಮುಂದಕ್ಕೆ ನಡ್ದೆ. ಎಷ್ಟು ಬೇಜಾರಿನ ನಡಿಗೆ ಅದು," ಎನ್ನುತ್ತಾರೆ. ಅಂದು ಸಂಜೆ ಕ್ಲಿಫರ್ಡ್ ಇಡೀ ನಾಟಕವನ್ನು ಬಲಕ್ಕೆ ತಿರುಗಿಯೇ ಆಡಿದರು. ಎಡಗಡೆಯ ಕುರ್ಚಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆಸರೆಯಿಲ್ಲದೆ ಹೇಗೋ ದಡ ಸೇರಿದರು. ಐರೀನ್ ಕಂಬಳಿಯೊಳಗೆ ಕೈ ಕಟ್ಟಿಕೊಂಡು ಕುಳಿತಿದ್ದರು. ಅಷ್ಟು ವರ್ಷದಲ್ಲಿ ಆ ಮೂಲೆ ಅಷ್ಟು ಚಳಿ ಅನ್ನಿಸಿದ್ದು ಅಂದೇ ಮೊದಲು.

ಶನಿವಾರ ಮಧ್ಯಾಹ್ನದ ಆಟಕ್ಕೆ ಒಂದು ಹಳೇ ಪದ್ಧತಿಯಿದೆ. ಮುಂದಿನ ಎರಡು ಸಾಲು ಮಿಲ್ಲಿನ ಹೆಂಗಸರಿಗೆ ಮೀಸಲು. ಈಗ ಉಳಿದಿರುವವರು ಕೋಲು, ಗಾಲಿಕುರ್ಚಿ, ಮಿಠಾಯಿ ಪೊಟ್ಟಣಗಳ ಸಮೇತ ಬಂದು ಕೂರುತ್ತಾರೆ. ಅವರಲ್ಲಿ ಹಿರಿಯರು ತೊಂಬತ್ತು ದಾಟಿದ ವಿನಿಫ್ರೆಡ್ ಶಾರ್ಪಲ್ಸ್. ಅಂಚೆ ಮಂತ್ರಿಯ ಹಾಡು ಮುಗಿದಾಗ ವಿನಿಫ್ರೆಡ್ ಕೋಲಿನಿಂದ ನೆಲ ಕುಟ್ಟಿ ಒನ್ಸ್ ಮೋರ್ ಕೇಳಿದರು. ಕ್ಲಿಫರ್ಡ್ ಇನ್ನಷ್ಟು ವೇಗವಾಗಿ ಹಾಡಿದರು. ಮತ್ತೆ ಒನ್ಸ್ ಮೋರ್. ಮೂರನೇ ಸಲ ವಾದ್ಯದವರು ಲಯ ಏರಿಸಿ ಓಡಿದರು, ಅವರಿಗಿಂತ ಮುಂದೆ ಕ್ಲಿಫರ್ಡ್ ಓಡಿದರು. ಹಗ್ಗದ ವ್ಯಾಪಾರಿ, ಪಾದ್ರಿ, ವಿಧವೆ, ಎಲ್ಲರೂ ಸರಿಯಾದ ಸಾಲಿನಲ್ಲಿ ಬಂದು ಹೋದರು. ಕರವಸ್ತ್ರ ಬಿಚ್ಚಿತು. ನಿಂತರು.

ಐರೀನ್ ದೀಪವನ್ನು ಪುಸ್ತಕದ ಮೇಲೇ ಇಟ್ಟು, ಬಾಯಿಗೆ ಅಂಗೈ ಅಡ್ಡ ಹಿಡಿದರು. ಸತ್ತರೂ ತೆರೆಯುವುದಿಲ್ಲ ಎಂದು ಶಪಥ ಮಾಡಿ ಬಂದಿದ್ದರು. ತಡೆ ಉದ್ದವಾಯಿತು. ಪಿಟೀಲಿನವರು ಕಮಾನು ಎತ್ತಿ ಹಿಡಿದೇ ಇದ್ದರು. ಎದುರು ವಿಂಗ್‌ನಲ್ಲಿ ಆಲಿಸನ್ ಕಣ್ಣು ಮುಚ್ಚಿಕೊಂಡರು.

ಆಗ ಕ್ಲಿಫರ್ಡ್ ಕತ್ತು ಎಡಕ್ಕೆ ತಿರುಗಿತು. ಎರಡು ದಿನದಲ್ಲಿ ಮೊದಲ ಸಲ ಅವರ ಮುಖ ಐರೀನ್ ಅವರಿಗೆ ಕಂಡಿತು. ತುಟಿ ಅಗಲವಾಗಿ ಆಡಿತು, ನೇಯ್ಗೆಶಾಲೆಯ ಆ ತುದಿಗೆ ಮುಟ್ಟಿಸುವವರ ಹಾಗೆ, ದನಿಯಿಲ್ಲದೆ: "ಈಗ ನಿಜವಾಗ್ಲೂ ಮರ್ತೋಯ್ತು ಕಣೇ. ಹೇಳೇ."

ಐರೀನ್ ಅಂಗೈ ತೆಗೆಯುವ ಮೊದಲೇ ಮುಂದಿನ ಸಾಲಿನ ಮಿಲ್ಲಿನ ಹೆಂಗಸರು ಆ ತುಟಿ ಓದಿ ಘೊಳ್ಳೆಂದರು. ವಿನಿಫ್ರೆಡ್ ಕೋಲು ಕೈಬಿಟ್ಟು ನಕ್ಕರು. ಅವರ ಪಕ್ಕದವರು ಮಿಠಾಯಿ ಚೆಲ್ಲಿದರು. ಹಿಂದಿನವರಿಗೆ ಕಾರಣ ತಿಳಿಯದಿದ್ದರೂ, ಕರವಸ್ತ್ರ ಹಿಡಿದು ವಿಂಗ್‌ಗೆ ಬಾಯಿ ಬಿಡುತ್ತಿದ್ದ ಮಂತ್ರಿಯನ್ನು ನೋಡಿ ಅವರೂ ನಕ್ಕರು. ನಗು ಸಾಲಿನಿಂದ ಸಾಲಿಗೆ ಏರಿ ಬಾಲ್ಕನಿ ಮುಟ್ಟಿತು. ಆ ಗದ್ದಲದ ಮರೆಯಲ್ಲಿ ಐರೀನ್ ದೀಪವನ್ನು ಮುಖಕ್ಕೆ ತಿರುಗಿಸಿ ಎರಡು ಶಬ್ದ ಕೊಟ್ಟರು. ಕ್ಲಿಫರ್ಡ್ ಕಾದರು. ನಗು ಇಳಿಯುವ ಹೊತ್ತಿಗೆ ಸರಿಯಾಗಿ, ತೀರಾ ಮೆಲ್ಲಗೆ ಅಂದರು: "ನನಗೊಂದೂ ಬರಲಿಲ್ಲ."

ಸಂಘದ ಹಿರಿಯರು ಅಂಥ ಚಪ್ಪಾಳೆ ಕೇಳಿ ಎಷ್ಟು ಕಾಲವಾಯಿತೋ ನೆನಪಿಲ್ಲ ಎನ್ನುತ್ತಾರೆ.

ಆಟ ಮುಗಿದ ಮೇಲೆ ರಂಗದ ಹಿಂದಿನ ಅಡುಗೆಮನೆಯಲ್ಲಿ ಚಹಾ, ಶುಂಠಿ ಕೇಕು. ಆಲಿಸನ್ ಮುಖ ಅರಳಿತ್ತು. "ಕ್ಲಿಫರ್ಡ್, ವಿಂಗ್ ಕಡೆ ತಿರುಗಿ ಬಾಯಿ ಆಡಿಸಿದ್ರಲ್ಲ, ಅದ್ಭುತ. ಸಂಜೆ ಆಟದಲ್ಲೂ ಅದನ್ನೇ ಇಟ್ಕೊಳ್ಳಿ," ಅಂದರು.

"ಅದನ್ನ ಇನ್ನೊಂದ್ಸಲ ಮಾಡ್ಬೇಕಾದ್ರೆ ಇನ್ನೊಂದ್ಸಲ ಮರೀಬೇಕಲ್ಲಮ್ಮ," ಎಂದರು ಕ್ಲಿಫರ್ಡ್. ಮನೆಗೆ ಹೊರಟು ಬಾಗಿಲಲ್ಲಿ ನಿಂತಿದ್ದ ವಿನಿಫ್ರೆಡ್, "ನಮ್ಗೆಲ್ಲ ಗೊತ್ತಾಯ್ತು. ನಮ್ದು ಕಿವಿ ಹೋಗಿದೆ, ಕಣ್ಣು ಹೋಗಿಲ್ಲ," ಅಂದರು. ಆಲಿಸನ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, ನಿಧಾನವಾಗಿ ಲೋಟ ಕೆಳಗಿಟ್ಟರು.

ಕ್ಲಿಫರ್ಡ್ ಬೇರೆಯವರು ಹೇಳುವವರೆಗೆ ಕಾಯಲಿಲ್ಲ. "ಮುಂದಿನ ವರ್ಷ ದೊಡ್ಡ ಪಾತ್ರ ಬೇಡ ನಂಗೆ. ಕೋರಸ್‌ನಲ್ಲಿ ಎಲ್ಲಾದ್ರೂ ನಿಲ್ಲಿಸಿ," ಅಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಯಾರಾದರೂ ನಗಬಹುದಿತ್ತು, ಯಾರೂ ನಗಲಿಲ್ಲ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ಅವರ ಉತ್ತರ ಸರಳವಾಗಿದೆ. "ಬರ್ಕೊಳ್ಳಿ. ಊರಿಗೆ ಗೊತ್ತಿರೋದೇ ತಾನೇ. ಅವಳ ಹೆಸ್ರು ಮಾತ್ರ ಬಿಸ್ಕತ್ತಿನ ಡಬ್ಬಕ್ಕಿಂತ ಮೇಲೆ ಹಾಕಿ."

ಐರೀನ್ ಅವರಿಗೆ ಆ ಮಧ್ಯಾಹ್ನದ ಚಪ್ಪಾಳೆಗಿಂತ ನೆನಪಿರುವುದು ಬೇರೆಯದು. "ಇಷ್ಟು ವರ್ಷ ನಾನೇ ಊಹೆ ಮಾಡಿ ಕೊಡ್ತಿದ್ದೆ. ಕೊಟ್ಟಿದ್ದನ್ನ ತಗೊಂಡು, ತಗೊಂಡೇ ಇಲ್ಲ ಅನ್ನೋ ಹಾಗೆ ನಡ್ಕೋತಿದ್ದ, ಮಹಾ ಜಂಬದವನು. ಅವತ್ತು ಬಾಯಿ ಬಿಟ್ಟು ಕೇಳ್ದ. ಅಷ್ಟು ಜನರ ಮುಂದೆ," ಎನ್ನುತ್ತಾರೆ. ಹೇಳುವಾಗ ಅವರ ಕಣ್ಣು ತುಂಬುತ್ತದೆ. ಅದನ್ನು ಅವರು ಮರೆಮಾಚುವುದಿಲ್ಲ.

ಈಗ ಮೇ ತಿಂಗಳು. ಬೆಳಿಗ್ಗೆ ಆರಕ್ಕೆಲ್ಲ ಕಾಲುವೆಯ ಮೇಲೆ ಬಿಸಿಲು ಬಿದ್ದಿರುತ್ತದೆ. ಕಲಿಯಬೇಕಾದ ಪಾಠ ಯಾವುದೂ ಇಲ್ಲ, ಹೊಸ ನಾಟಕ ಇನ್ನೂ ಗೊತ್ತಾಗಿಲ್ಲ. ಆದರೂ ಐರೀನ್ ಹಿಮ್ಮುಖವಾಗಿ ನಡೆಯುತ್ತಿದ್ದಾರೆ, ಕ್ಲಿಫರ್ಡ್ ಎದುರು ಬರುತ್ತಿದ್ದಾರೆ. ಪಟಪಟ ಹಾಡಿಲ್ಲ. ಇಬ್ಬರೂ ಊರಿನ ಸುದ್ದಿ ಮಾತಾಡಿಕೊಳ್ಳುತ್ತಾರೆ, ತುಟಿಯಲ್ಲೇ. ಒಬ್ಬರ ನಗು ಮಾತ್ರ ಆಗಾಗ ಕೇಳಿಸುತ್ತದೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದಾಗ ಐರೀನ್ ಮೊದಲು ಆ ಚಳಿಯ ಮೂಲೆಯನ್ನೇ ನೆನೆಯುತ್ತಾರೆ. ಮೂಲೆಗೆ ಗಾಳಿ ಬರದಂತೆ ಒಂದು ಪರದೆ ಕಟ್ಟಿಸಿದರೆ ಒಳ್ಳೆಯದಿತ್ತು ಎನ್ನುತ್ತಾರೆ. ಆಮೇಲೆ, ತಮ್ಮನ್ನು ದಾಟಿ ಮುಂದೆ ಹೋಗುತ್ತಿರುವ ಚಪ್ಪಟೆ ಟೋಪಿಯ ಕಡೆ ನೋಡಿ, ಇನ್ನೊಂದನ್ನು ಸೇರಿಸುತ್ತಾರೆ.

"ಕೋರಸ್‌ನಲ್ಲಿ ಎಲ್ಲಿ ನಿಂತ್ರೂ ಸರಿ ಅಂತಿದಾನೆ. ಎಲ್ಲೆಲ್ಲೋ ನಿಂತ್ರೆ ಆಗಲ್ಲ. ಎಡಗಡೆ ತುದೀಲಿ ನಿಂತ್ಕೋ ಅಂದಿದೀನಿ, ನಂಗೆ ಮುಖ ಕಾಣೋ ಹಾಗೆ."